ಬ್ಯಾಕ್ಟೀರಿಯಾ ನೀರಿನಡಿ ನೆಲೆಯೂರುವ ಬಗೆ

ಕೆರೆಯ ನೀರಿನಲ್ಲಿ ಬ್ಯಾಕ್ಟೀರಿಯಾ ಇವೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ನೀರಿನ ತುಂಬ ಎಲ್ಲೆಂದರಲ್ಲಿ ಚದುರಿ ತೇಲಾಡುವ ಸಣ್ಣ ಕಣಗಳ ಚಿತ್ರ. ಶಾಲೆಯ ಪುಸ್ತಕಗಳಲ್ಲಿಯೂ ಬಹುಮಟ್ಟಿಗೆ ಅದೇ ಚಿತ್ರವಿರುತ್ತದೆ. ಹಲವು ವರ್ಷಗಳಿಂದ ಸೂಕ್ಷ್ಮಜೀವಶಾಸ್ತ್ರವನ್ನು ಪಾಠ ಮಾಡುತ್ತಿರುವ ನನಗೆ ಈ ಚಿತ್ರವನ್ನು ವಿದ್ಯಾರ್ಥಿಗಳ ಮನಸ್ಸಿನಿಂದ ತೆಗೆಯುವುದೇ ಮೊದಲ ಕೆಲಸವೆನಿಸಿದೆ. ಏಕೆಂದರೆ ಹೊಳೆ, ಕೆರೆ, ಬಾವಿ, ನಲ್ಲಿಯ ಕೊಳವೆ, ಮನೆಯ ಸಂಪು, ಇವುಗಳಲ್ಲಿ ಎಲ್ಲಿಯೇ ನೋಡಿದರೂ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಯಾವುದೋ ಒಂದು ಘನ ಮೇಲ್ಮೈಯನ್ನು ಹಿಡಿದು ಬದುಕುತ್ತವೆ. ಕಲ್ಲು, ಕೊಳೆತ ಎಲೆ, ಮರಳಿನ ಹರಳು, ಸಿಮೆಂಟಿನ ಗೋಡೆ, ನೀರಿನ ಹುಳುವಿನ ಚಿಪ್ಪು, ಯಾವುದಾದರೂ ಆದೀತು. ಹಾಗೆ ಹಿಡಿಯುವುದು ಹೇಗೆ ಎಂಬುದು ನಾನು ಓದಿದ ಜೀವಶಾಸ್ತ್ರದ ಸಂಗತಿಗಳಲ್ಲೇ ಅತ್ಯಂತ ಸೊಗಸಾದುದು ಎಂದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಆರ್ಥರ್ ಹೆನ್ರಿಸಿ ಅವರು ಸಿಹಿನೀರಿನಲ್ಲಿ ಗಾಜಿನ ಸ್ಲೈಡುಗಳನ್ನು ಮುಳುಗಿಸಿಟ್ಟು, ಕೆಲವು ದಿನಗಳ ನಂತರ ಹೊರತೆಗೆದು ಬಣ್ಣ ಹಾಕಿ ನೋಡಿದರು. ನೀರಿನ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ತೇಲುವ ಜೀವಿಗಳಲ್ಲ, ಮುಳುಗಿದ ಮೇಲ್ಮೈಗಳ ಮೇಲೆ ಬೆಳೆಯುವ ಜೀವಿಗಳು ಎಂದು ಅವರು 1933ರಲ್ಲಿಯೇ ಬರೆದರು. ಹತ್ತು ವರ್ಷಗಳ ನಂತರ, 1943ರಲ್ಲಿ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ಕ್ಲಾಡ್ ಜೋಬೆಲ್ ಅವರು ಸೀಸೆಯಲ್ಲಿಟ್ಟ ಸಮುದ್ರದ ನೀರಿನಲ್ಲಿ ಘನ ಮೇಲ್ಮೈ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾಗಳ ಚಟುವಟಿಕೆ ಹೆಚ್ಚುತ್ತದೆ ಎಂಬುದನ್ನು ತೋರಿಸಿದರು. ಅದಕ್ಕೆ ಅವರು ಕೊಟ್ಟ ಕಾರಣ ಸರಳವಾದುದು: ನೀರಿನಲ್ಲಿ ತೀರಾ ತೆಳುವಾಗಿ ಹರಡಿರುವ ಆಹಾರದ ಅಣುಗಳು ಮೇಲ್ಮೈಯ ಮೇಲೆ ಬಂದು ಕೂಡಿಕೊಳ್ಳುತ್ತವೆ, ಊಟ ಎಲ್ಲಿದೆಯೋ ಅಲ್ಲಿಗೆ ಜೀವಿ ಹೋಗುತ್ತದೆ.

ಹೆನ್ರಿಸಿಯವರ ಪ್ರಯೋಗಕ್ಕೆ ಖರ್ಚೇ ಇಲ್ಲದ ಕಾರಣ ನಾವು ಅದನ್ನು ಕಾಲೇಜಿನಲ್ಲಿ ಈಗಲೂ ಮಾಡಿಸುತ್ತೇವೆ. ಥರ್ಮೋಕೋಲ್ ತುಂಡಿಗೆ ನೈಲಾನ್ ದಾರ ಕಟ್ಟಿ, ಅದರ ತುದಿಗೆ ಕ್ಲಿಪ್ಪಿನಲ್ಲಿ ಸ್ಲೈಡು ಸಿಕ್ಕಿಸಿ, ಹತ್ತಿರದ ಕೆರೆಯಲ್ಲಿ ಇಳಿಬಿಡುತ್ತಾರೆ. ಕೆಲವು ಗಂಟೆಗಳ ನಂತರ ತೆಗೆದ ಸ್ಲೈಡು ಬರಿಗಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಅದನ್ನು ಶುದ್ಧ ನೀರಿನಲ್ಲಿ ಅದ್ದಿ ತೊಳೆದು, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, ಎಣ್ಣೆಯ ಹನಿಯಿಟ್ಟು ನೂರು ಪಟ್ಟು ಹಿಗ್ಗಿಸುವ ಮಸೂರದಡಿ ಹಿಡಿದರೆ ಅಲ್ಲೊಂದು ಇಲ್ಲೊಂದು ನೇರಳೆ ಕಡ್ಡಿ ಕಾಣಿಸುತ್ತದೆ. ಮರುದಿನ ತೆಗೆದ ಸ್ಲೈಡಿನಲ್ಲಿ ಅದೇ ಕಡ್ಡಿಗಳ ಪಕ್ಕದಲ್ಲಿ ಅವುಗಳ ಮರಿಗಳು, ಎರಡು, ನಾಲ್ಕು, ಎಂಟರ ಗುಂಪುಗಳಾಗಿ ಕೂತಿರುತ್ತವೆ. ಮೂರ‍್ನಾಲ್ಕು ದಿನ ಕಳೆದ ಸ್ಲೈಡನ್ನು ಬೆರಳಿನಿಂದ ಮುಟ್ಟಿದರೆ ಜಾರುತ್ತದೆ. ಸೂಕ್ಷ್ಮದರ್ಶಕದಲ್ಲಿ ಡಯಾಟಮ್ ಎಂಬ ಏಕಕೋಶ ಪಾಚಿಗಳ ದೋಣಿಯಾಕಾರದ ಚಿಪ್ಪುಗಳ ನಡುವೆ ಜಾಗವೇ ಉಳಿದಿರುವುದಿಲ್ಲ. ಕೊಡದ ಒಳಗೆ, ಡ್ರಮ್ಮಿನ ತಳದಲ್ಲಿ ಕೈಗೆ ಸಿಗುವ ಲೋಳೆ ಇದೇ. ವಿಜ್ಞಾನದ ಬರಹಗಳಲ್ಲಿ ಇದನ್ನು ಬಯೋಫಿಲ್ಮ್ ಎನ್ನುತ್ತಾರೆ.

ಇಷ್ಟು ಕಂಡ ಮೇಲೆ ಏಳುವ ಪ್ರಶ್ನೆ ಒಂದೇ. ನೀರು ಹರಿಯುತ್ತಿದೆ, ಗಾಜು ನುಣುಪಾಗಿದೆ, ಜೀವಿಯ ಉದ್ದ ಒಂದೆರಡು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ. ಅದು ಗಾಜಿನ ಹತ್ತಿರ ಬರುವುದಾದರೂ ಹೇಗೆ, ಬಂದ ಮೇಲೆ ಕೊಚ್ಚಿಹೋಗದೆ ನಿಲ್ಲುವುದಾದರೂ ಹೇಗೆ?

ಮೊದಲು ನೀರಿನ ಮಾತು. ಆ ಗಾತ್ರದ ಜೀವಿಗೆ ನೀರು ನಾವು ಈಜುವ ನೀರಲ್ಲ. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಅವರು 1977ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಈಜುತ್ತಿರುವ ಬ್ಯಾಕ್ಟೀರಿಯಾ ತನ್ನ ಕಶಾಂಗವನ್ನು, ಎಂದರೆ ಈಜಲು ಬಳಸುವ ಬಾಲದಂಥ ಎಳೆಯನ್ನು, ತಿರುಗಿಸುವುದನ್ನು ನಿಲ್ಲಿಸಿದರೆ, ಮುಂದೆ ಜಾರುವ ದೂರ ಒಂದು ಪರಮಾಣುವಿನ ವ್ಯಾಸಕ್ಕಿಂತಲೂ ಕಡಿಮೆ. ವೇಗದ ಬಲದಿಂದ ಮುನ್ನುಗ್ಗಿ ಗೋಡೆಗೆ ಬಡಿಯುವುದು ಅದಕ್ಕೆ ಸಾಧ್ಯವಿಲ್ಲ. ಕೊನೆಯ ಕ್ಷಣದವರೆಗೂ ತಾನೇ ತಳ್ಳಿಕೊಂಡು ಹೋಗಬೇಕು. ಇನ್ನೊಂದು ಕಡೆ, ಎಷ್ಟೇ ರಭಸದ ಹರಿವಾದರೂ ಗೋಡೆಗೆ ತೀರಾ ಅಂಟಿದಂತಿರುವ ನೀರಿನ ಪದರ ನಿಶ್ಚಲವಾಗಿರುತ್ತದೆ. ಆ ಪದರವನ್ನು ಸೇರಿದ ಜೀವಿಗೆ ಹೊರಗಿನ ಸೆಳೆತ ಬಹಳ ಕಡಿಮೆ.

ಆದರೆ ಅಲ್ಲಿ ಬೇರೊಂದು ಅಡ್ಡಿ ಎದುರಾಗುತ್ತದೆ. ಸಾಮಾನ್ಯ ನೀರಿನಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳ ಹೊರಮೈ ಋಣ ವಿದ್ಯುದಾವೇಶವನ್ನು ಹೊಂದಿರುತ್ತದೆ. ಗಾಜು, ಮರಳು, ಕಲ್ಲುಗಳದೂ ಹೆಚ್ಚಾಗಿ ಋಣಾವೇಶವೇ. ಸಮಾನ ಆವೇಶಗಳು ಒಂದನ್ನೊಂದು ದೂರ ತಳ್ಳುತ್ತವೆ. ಇದರ ಜೊತೆಗೇ ಎಲ್ಲ ವಸ್ತುಗಳ ನಡುವೆ ಇರುವ ವ್ಯಾನ್ ಡರ್ ವಾಲ್ಸ್ ಆಕರ್ಷಣೆ ಒಳಕ್ಕೆ ಎಳೆಯುತ್ತಿರುತ್ತದೆ. ಈ ಎಳೆತ ಮತ್ತು ತಳ್ಳುವಿಕೆಯ ಲೆಕ್ಕವನ್ನು ಡೆರ್ಯಾಗಿನ್, ಲ್ಯಾಂಡೌ, ವರ್ವೆ, ಓವರ್‌ಬೀಕ್ ಎಂಬ ನಾಲ್ವರು 1940ರ ದಶಕದಲ್ಲಿ ಕಲಿಲ ಕಣಗಳಿಗಾಗಿ, ಎಂದರೆ ದ್ರವದಲ್ಲಿ ಕರಗದೆ ಹರಡಿಕೊಂಡಿರುವ ಅತಿ ಸಣ್ಣ ಕಣಗಳಿಗಾಗಿ, ರೂಪಿಸಿದ್ದರು. ಬ್ಯಾಕ್ಟೀರಿಯಾಗಳಿಗೂ ಅದು ಸುಮಾರಾಗಿ ಹೊಂದುತ್ತದೆ. ಫಲವೇನೆಂದರೆ, ಗೋಡೆಯಿಂದ ಕೆಲವೇ ನ್ಯಾನೋಮೀಟರ್‌ಗಳ (ಒಂದು ನ್ಯಾನೋಮೀಟರ್ ಎಂದರೆ ಮೈಕ್ರಾನಿನ ಸಾವಿರದ ಒಂದು ಭಾಗ) ದೂರದಲ್ಲಿ, ಮುಟ್ಟಲೂ ಆಗದೆ ಬಿಟ್ಟುಹೋಗಲೂ ಆಗದೆ, ಜೀವಿ ಸಡಿಲವಾಗಿ ಸಿಕ್ಕಿಕೊಂಡು ನಿಲ್ಲುವ ಒಂದು ತಾಣ ಏರ್ಪಡುತ್ತದೆ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಿಕರ್ಷಣೆಯ ವ್ಯಾಪ್ತಿ ಕುಗ್ಗುತ್ತದೆ, ಆದ್ದರಿಂದ ಈ ವಿದ್ಯುತ್ ಅಡ್ಡಿ ಸಮುದ್ರದಲ್ಲಿ ತಗ್ಗಿರುತ್ತದೆ, ಲವಣ ಕಡಿಮೆಯಿರುವ ಹೊಳೆಯ ನೀರಿನಲ್ಲಿ ಎತ್ತರವಾಗಿರುತ್ತದೆ. ಕೆವಿನ್ ಮಾರ್ಷಲ್ ಮತ್ತು ಸಂಗಡಿಗರು 1971ರಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಕೆಲಸದಲ್ಲಿ ಈ ಸಡಿಲ ಹಂತವನ್ನೂ, ಅದರ ನಂತರ ಬರುವ ಬಿಡಿಸಲಾಗದ ಹಂತವನ್ನೂ ಬೇರೆಬೇರೆಯಾಗಿ ಗುರುತಿಸಿದರು. ಸಡಿಲ ಹಂತದಲ್ಲಿರುವ ಜೀವಿ ಇನ್ನೂ ಅಲುಗಾಡುತ್ತಿರುತ್ತದೆ, ಸುಮ್ಮನೆ ತೊಳೆದರೆ ಹೊರಟುಹೋಗುತ್ತದೆ.

ಬ್ಯಾಕ್ಟೀರಿಯಾ ಬರುವ ಮೊದಲೇ ಗಾಜು ಗಾಜಾಗಿ ಉಳಿದಿರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ನೀರಿನಲ್ಲಿ ಕರಗಿರುವ ಪ್ರೋಟೀನು, ಸಕ್ಕರೆಯ ಸರಪಳಿಗಳು, ಕೊಳೆತ ಎಲೆಗಳ ಸಾರ, ಇವೆಲ್ಲ ನಿಮಿಷಗಳಲ್ಲಿಯೇ ಅದರ ಮೇಲೆ ತೆಳ್ಳನೆಯ ಲೇಪನವಾಗುತ್ತವೆ. ಜೀವಿ ಮುಟ್ಟುವುದು ಆ ಲೇಪನವನ್ನು.

ಈಗ ಸಡಿಲ ತಾಣದಿಂದ ಬಿಗಿ ಹಿಡಿತಕ್ಕೆ ದಾಟುವ ಬಗೆ. ಜೀವಿಯ ಇಡೀ ಮೈಯನ್ನು ಗೋಡೆಯತ್ತ ದೂಡುವುದು ಕಷ್ಟ, ಆದರೆ ಕೆಲವೇ ನ್ಯಾನೋಮೀಟರ್ ದಪ್ಪದ ಎಳೆಯೊಂದನ್ನು ಚಾಚುವುದು ಸುಲಭ. ತುದಿ ಸಣ್ಣದಾದಷ್ಟೂ ವಿಕರ್ಷಣೆ ಕಡಿಮೆ. ಬ್ಯಾಕ್ಟೀರಿಯಾಗಳ ಮೈಮೇಲಿನ ಪೈಲಿ ಎಂಬ ಪ್ರೋಟೀನ್ ಎಳೆಗಳು ಮಾಡುವುದು ಇದನ್ನೇ. ಇವುಗಳಲ್ಲಿ ಒಂದು ಬಗೆಯವನ್ನು ಜೀವಿ ಹೊರಕ್ಕೆ ಚಾಚಿ, ತುದಿ ತಗುಲಿದ ಮೇಲೆ ಮತ್ತೆ ಒಳಕ್ಕೆ ಎಳೆದುಕೊಳ್ಳಬಲ್ಲದು. ಬಾವಿಗೆ ಬಿದ್ದ ಕೊಡವನ್ನು ಎತ್ತಲು ಪಾತಾಳಗರಡಿಯನ್ನು ಇಳಿಬಿಟ್ಟು, ಕೊಕ್ಕೆ ಸಿಕ್ಕಿದ್ದು ಕೈಗೆ ಗೊತ್ತಾದ ಮೇಲೆ ಹಗ್ಗ ಜಗ್ಗುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ಏಕೆಂದರೆ ಇಲ್ಲಿಯೂ ‘ಸಿಕ್ಕಿತು’ ಎಂಬ ಅರಿವು ಬರುವುದು ಎಳೆಯಲ್ಲಿ ಹುಟ್ಟುವ ಬಿಗುವಿನಿಂದ.

ಈ ಅರಿವಿನ ವಿಷಯದಲ್ಲಿ ನಮಗೆ ಹೆಚ್ಚು ಕಲಿಸಿಕೊಟ್ಟಿರುವುದು ಕೌಲೋಬ್ಯಾಕ್ಟರ್ ಕ್ರೆಸೆಂಟಸ್ ಎಂಬ ಸಿಹಿನೀರಿನ ಬ್ಯಾಕ್ಟೀರಿಯಾ. ಆಹಾರ ಬಹಳ ಕಡಿಮೆಯಿರುವ ತಿಳಿನೀರಿನಲ್ಲಿಯೂ ಇದು ಬದುಕುತ್ತದೆ. ಇದರ ಜೀವನ ಎರಡು ಘಟ್ಟಗಳದ್ದು. ಮೊದಲ ಘಟ್ಟದಲ್ಲಿ ಅದು ಒಂದು ತುದಿಯಲ್ಲಿ ಕಶಾಂಗವನ್ನೂ ಕೆಲವು ಪೈಲಿಗಳನ್ನೂ ಹೊತ್ತ ಈಜುವ ಮರಿ. ಆ ಘಟ್ಟದಲ್ಲಿ ಅದು ವಿಭಜನೆಗೊಳ್ಳುವುದಿಲ್ಲ. ಎರಡನೆಯ ಘಟ್ಟದಲ್ಲಿ ಕಶಾಂಗವನ್ನು ಕಳಚಿ, ಅದೇ ತುದಿಯಲ್ಲಿ ಅಂಟಿನ ಬೊಟ್ಟಿಟ್ಟು ನೆಲೆಯೂರಿ, ಅಲ್ಲಿಂದ ತೆಳ್ಳನೆಯ ಕಾಂಡವೊಂದನ್ನು ಬೆಳೆಸುತ್ತದೆ. ನೆಲೆಯೂರಿದ ತಾಯಿ ಎರಡಾಗುವಾಗ ತಾಯಿ ಅಲ್ಲಿಯೇ ಉಳಿಯುತ್ತದೆ, ಹೊಸ ಮರಿ ಕಶಾಂಗ ತೊಟ್ಟು ಈಜಿಹೋಗುತ್ತದೆ. ತಾಯಿ ಕೂಡಲೇ ಮುಂದಿನ ವಿಭಜನೆಗೆ ತೊಡಗುತ್ತದೆ. ಒಮ್ಮೆ ಅಂಟಿದ ತಾಯಿ ಮತ್ತೆ ಏಳುವುದಿಲ್ಲ. ಹೀಗಾಗಿ ಎಲ್ಲಿ ಅಂಟಬೇಕು ಎಂಬುದು ಇದರ ಬಾಳಿನಲ್ಲಿ ಒಮ್ಮೆ ಮಾತ್ರ ಆಗುವ ತೀರ್ಮಾನ.

ಆ ಅಂಟಿನ ಬಲವನ್ನು 2006ರಲ್ಲಿ ಅಳೆದರು. ಬಾಗುವ ಸೂಕ್ಷ್ಮ ಗಾಜಿನ ನಳಿಕೆಗೆ ಅಂಟಿಕೊಂಡ ಒಂದೊಂದೇ ಕೋಶವನ್ನು ಮತ್ತೊಂದು ನಳಿಕೆಯಿಂದ ಹೀರಿ ಹಿಡಿದು ಎಳೆದು, ಅದು ಬಿಡುವ ಹೊತ್ತಿಗೆ ಮೊದಲ ನಳಿಕೆ ಎಷ್ಟು ಬಾಗಿತ್ತು ಎಂಬುದರಿಂದ ಬಲವನ್ನು ಲೆಕ್ಕ ಹಾಕಿದರು. ಒಂದು ಕೋಶವನ್ನು ಕೀಳಲು ಬೇಕಾದುದು ಮೈಕ್ರೋನ್ಯೂಟನ್ ಪ್ರಮಾಣದ ಬಲ. ಆ ಜೀವಿಯ ತೂಕಕ್ಕೆ ಹೋಲಿಸಿದರೆ ಅದು ಕೋಟಿಗಟ್ಟಲೆ ಪಟ್ಟು. ಅಂಟಿನ ವಿಸ್ತೀರ್ಣದಿಂದ ಭಾಗಿಸಿದಾಗ ಚದರ ಮಿಲಿಮೀಟರಿಗೆ ಸುಮಾರು 70 ನ್ಯೂಟನ್ ಬಂದಿತು. ಅಂದರೆ ಒಂದು ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಇಂಥ ಅಂಟು ಹರಡಿದ್ದರೆ ಸುಮಾರು ಏಳುನೂರು ಕಿಲೋಗ್ರಾಂ ಭಾರ ತಡೆಯುತ್ತಿತ್ತು ಎಂದಾಯಿತು. ಅದೂ ನೀರಿನೊಳಗೆ ಒದ್ದೆ ಮೈಯ ಮೇಲೆ ಹಿಡಿಯುವ ಅಂಟು. ಅಂಗಡಿಯಲ್ಲಿ ಸಿಗುವ ಅಂಟುಗಳಲ್ಲಿ ಹೆಚ್ಚಿನವು ಒದ್ದೆ ಮೈಗೆ ಹಿಡಿಯುವುದೇ ಇಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಈ ಅಂಟಿನ ಮುಖ್ಯ ಭಾಗ ಒಂದು ಪಾಲಿಸ್ಯಾಕರೈಡ್, ಸಕ್ಕರೆಯ ಅಣುಗಳ ಸರಪಳಿ. ಅದರಲ್ಲಿ ಎನ್-ಅಸಿಟೈಲ್ ಗ್ಲುಕೋಸಮೈನ್ ಎಂಬ ಘಟಕವಿದೆ. ಸೀಗಡಿಯ ಚಿಪ್ಪು, ಜೀರುಂಡೆಯ ಕವಚಗಳ ಕೈಟಿನ್ ಕೂಡ ಇದೇ ಘಟಕದಿಂದ ಆದುದು.

ಇಷ್ಟು ಬಲವಾದ ಅಂಟನ್ನು ಹೊತ್ತು ತಿರುಗುವುದರಲ್ಲಿ ಒಂದು ಅಪಾಯವಿದೆ. ಹೊರಬಂದ ಅಂಟು ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗುತ್ತದೆ, ಹಳೆಯದಾದಷ್ಟೂ ಅದರ ಹಿಡಿತ ತಗ್ಗುತ್ತದೆ. ಆದ್ದರಿಂದ ಮೇಲ್ಮೈ ಸಿಕ್ಕಿದ ಮೇಲೆಯೇ ಅದನ್ನು ಹೊರಡಿಸುವುದು ಜೀವಿಗೆ ಲಾಭ. ಈಜುವ ಮರಿ ಗಾಜಿಗೆ ತಗುಲಿದ ಕೆಲವೇ ಸೆಕೆಂಡುಗಳಲ್ಲಿ ಅಂಟು ಸ್ರವಿಸತೊಡಗುತ್ತದೆ ಎಂಬುದನ್ನು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಈವ್ ಬ್ರನ್ ಅವರ ತಂಡ ತೋರಿಸಿತು. ಹೊಸ ಪ್ರೋಟೀನು ತಯಾರಿಸಲು ಅಷ್ಟು ಸಮಯ ಸಾಲದು. ಎಲ್ಲ ಸಾಮಗ್ರಿಯೂ ಮೊದಲೇ ಸಿದ್ಧವಾಗಿದ್ದು, ಸೂಚನೆಗಾಗಿ ಮಾತ್ರ ಕಾದಿರಬೇಕು. ಆ ಸೂಚನೆ ಯಾವುದು? 2017ರಲ್ಲಿ ಇದೇ ತಂಡ ಪೈಲಿಗಳಿಗೆ ಹೊಳೆಯುವ ಬಣ್ಣ ಕಟ್ಟಿ, ಅವು ಹೊರಚಾಚಿ ಒಳಸರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿತು. ಗಾಜಿಗೆ ತಗುಲಿದ ಮೇಲೆ ಈ ಓಡಾಟ ನಿಲ್ಲುತ್ತಿತ್ತು. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಮೆಚ್ಚಿಕೆಯಾದ ಪ್ರಯೋಗ. ಪೈಲಿಗಳಿಗೆ ದಪ್ಪನಾದ ಅಣುವೊಂದನ್ನು ಕಟ್ಟಿ, ಅವು ಒಳಗೆ ಸರಿಯದಂತೆ ತಡೆದರು. ಯಾವ ಮೇಲ್ಮೈಯನ್ನೂ ಮುಟ್ಟದೆ ನೀರಿನಲ್ಲಿ ತೇಲುತ್ತಿದ್ದ ಕೋಶಗಳೂ ಆಗ ಅಂಟನ್ನು ಹೊರಹಾಕಿದವು. ಎಳೆಯನ್ನು ಜಗ್ಗಿದಾಗ ಬರದಿದ್ದರೆ ಆ ತಡೆಯನ್ನೇ ಜೀವಿ ‘ನೆಲ ಸಿಕ್ಕಿತು’ ಎಂದು ಓದಿಕೊಳ್ಳುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಊರ್ಸ್ ಯೆನಲ್ ಅವರ ತಂಡ, ಕಶಾಂಗವನ್ನು ತಿರುಗಿಸುವ ಮೋಟಾರೇ ಸ್ಪರ್ಶವನ್ನು ಗ್ರಹಿಸುತ್ತದೆ ಎಂದು ವಾದಿಸಿತು. ಇವೆರಡನ್ನೂ ಎದುರಾಳಿಗಳಂತೆ ಕಾಣಬೇಕಿಲ್ಲ ಎಂದು ನನಗೆ ತೋರುತ್ತದೆ. ಕಶಾಂಗವೂ ಪೈಲಿಗಳೂ ಒಂದೇ ತುದಿಯಲ್ಲಿರುವಾಗ ಮುಟ್ಟಿದ ಸುದ್ದಿ ಎರಡು ದಾರಿಗಳಿಂದ ಬರುವುದರಲ್ಲಿ ಆಶ್ಚರ್ಯವಿಲ್ಲ.

ಸುದ್ದಿ ಒಳಗೆ ತಲುಪುವುದು ಸೈಕ್ಲಿಕ್ ಡೈ-ಜಿಎಂಪಿ ಎಂಬ ಪುಟ್ಟ ಅಣುವಿನ ಮೂಲಕ. ಇದನ್ನು 1987ರಲ್ಲಿ ಜೆರುಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾಲಯದ ಮೋಶೆ ಬೆನ್ಜಿಮನ್ ಅವರ ಬಳಗ, ಸೆಲ್ಯುಲೋಸ್ ತಯಾರಿಸುವ ಬ್ಯಾಕ್ಟೀರಿಯಾವೊಂದರಲ್ಲಿ ಕಂಡುಹಿಡಿಯಿತು. ಕೋಶದೊಳಗೆ ಇದರ ಪ್ರಮಾಣ ಕಡಿಮೆಯಿದ್ದರೆ ಈಜು, ಹೆಚ್ಚಿದರೆ ನೆಲೆ, ಎಂಬ ಸ್ಥೂಲ ನಿಯಮ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಅನ್ವಯಿಸುತ್ತದೆ.

ಬೇರೆ ಬ್ಯಾಕ್ಟೀರಿಯಾಗಳು ಬೇರೆ ಹಿಡಿತಗಳನ್ನು ಕಂಡುಕೊಂಡಿವೆ. ನಮ್ಮ ಕರುಳಿನ ಇ. ಕೋಲಿ ಮೂತ್ರನಾಳವನ್ನು ಸೇರಿದಾಗ ಹರಿವಿನ ವಿರುದ್ಧ ನಿಲ್ಲಬೇಕಾಗುತ್ತದೆ. ಅದರ ಎಳೆಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಇದ್ದು, ಅದು ನಮ್ಮ ಕೋಶಗಳ ಮೇಲಿನ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ಹರಿವು ಹೆಚ್ಚಿದರೆ ಹಿಡಿತ ತಪ್ಪಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಕಂಡದ್ದು ತದ್ವಿರುದ್ಧ: ಹರಿವು ನಿಧಾನವಾಗಿದ್ದಾಗ ಉರುಳುತ್ತಾ ಸಾಗುತ್ತಿದ್ದ ಬ್ಯಾಕ್ಟೀರಿಯಾಗಳು ಹರಿವು ಜೋರಾದಾಗ ಗಟ್ಟಿಯಾಗಿ ನಿಂತವು. ಎಳೆತ ಬಿದ್ದಾಗ ಆ ಪ್ರೋಟೀನಿನ ಎರಡು ಭಾಗಗಳು ಒಂದರಿಂದೊಂದು ಸರಿದು, ಸಕ್ಕರೆಯನ್ನು ಹಿಡಿದ ಗೂಡು ಬಿಗಿಯಾಗುತ್ತದೆ. ಹರಿವು ನಿಂತಾಗ ಸಡಿಲಿಸಿ ಮುಂದಕ್ಕೆ ಹೋಗಲು, ಹರಿವು ಬಂದಾಗ ಬಿಗಿಹಿಡಿಯಲು ಇದಕ್ಕಿಂತ ಒಳ್ಳೆಯ ಏರ್ಪಾಟು ಬೇರೆ ಇರಲಾರದು.

ಈ ಅಂಟಿಕೊಳ್ಳುವ ಗುಣವನ್ನು ತಿಳಿದುದರಿಂದ ಮನುಷ್ಯರ ಜೀವ ಉಳಿದ ಒಂದು ಪ್ರಸಂಗವನ್ನು ಹೇಳದೆ ಈ ಬರಹ ಪೂರ್ಣವಾಗದು. ಕಾಲರಾ ರೋಗದ ವಿಬ್ರಿಯೊ ಕಾಲರೆ ನದೀಮುಖಗಳ ಉಪ್ಪು-ಸಿಹಿ ಬೆರೆತ ನೀರಿನ ಸಹಜ ನಿವಾಸಿ. ಅಲ್ಲಿ ಅದು ಕೋಪಪಾಡ್ ಎಂಬ, ಸುಮಾರು ಒಂದು ಮಿಲಿಮೀಟರ್ ಉದ್ದದ, ಸೀಗಡಿಯ ಬಳಗದ ಕಠಿಣಚರ್ಮಿಗಳ ಕವಚವನ್ನು ಹಿಡಿದುಕೊಂಡಿರುತ್ತದೆ. ಆ ಕವಚ ಕೈಟಿನ್‌ನದು. ವಿಬ್ರಿಯೊಗೆ ಅದು ನೆಲೆಯೂ ಹೌದು, ಆಹಾರವೂ ಹೌದು. ಒಂದು ಬಿಡಿ ವಿಬ್ರಿಯೊ ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಸುಳಿಹೋಗುವಷ್ಟು ಸಣ್ಣದು, ಆದರೆ ಸಾವಿರಾರು ವಿಬ್ರಿಯೊಗಳನ್ನು ಹೊತ್ತ ಕೋಪಪಾಡ್ ಹಾಗಲ್ಲ. ರೀಟಾ ಕಾಲ್ವೆಲ್, ಅನ್ವರ್ ಹಕ್ ಮತ್ತು ಅವರ ಜೊತೆಗಾರರು ಇದನ್ನೇ ಆಧಾರವಾಗಿಟ್ಟುಕೊಂಡು ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ, ಕೊಡದ ಬಾಯಿಗೆ ಹಳೆಯ ಹತ್ತಿ ಸೀರೆಯನ್ನು ಎಂಟು ಪದರವಾಗುವಂತೆ ಮಡಿಸಿ ಕಟ್ಟಿ ನೀರು ತುಂಬಲು ಹೆಂಗಸರಿಗೆ ಹೇಳಿಕೊಟ್ಟರು. ಹೊಸ ಸೀರೆಗಿಂತ ಹಳೆಯದೇ ಉತ್ತಮ, ಏಕೆಂದರೆ ಒಗೆದು ಒಗೆದು ಸವೆದ ನೂಲು ಎಳೆ ಬಿಚ್ಚಿಕೊಂಡು ಸಂದುಗಳನ್ನು ಕಿರಿದು ಮಾಡುತ್ತದೆ. ಎಂಟು ಪದರದಲ್ಲಿ ಆ ಸಂದು ಸುಮಾರು 20 ಮೈಕ್ರಾನ್‌ಗೆ ಇಳಿಯುತ್ತದೆ. 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ನಡುವೆ ನಡೆದ ಈ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸೀರೆಯಿಂದ ಸೋಸಿದ ಕಡೆ ಕಾಲರಾ 48%ರಷ್ಟು ಇಳಿದಿತ್ತು. ನಮ್ಮಲ್ಲಿಯೂ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಹಿಡಿಯುವ ರೂಢಿ ಇದೆ. ಕಸಕಡ್ಡಿ ತಡೆಯಲೆಂದು ಕಟ್ಟುವ ಒಂದೇ ಪದರಕ್ಕೂ ಎಂಟು ಪದರಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಕುದಿಸುವ ಅನುಕೂಲವಿದ್ದವರು ಕುದಿಸಿಯೇ ಕುಡಿಯಬೇಕು; ಸೌದೆಗೂ ಕಷ್ಟವಿರುವ ಮನೆಗೆ ಈ ಉಪಾಯ ದೊಡ್ಡ ಆಸರೆ.

ಕೊಳವೆಯ ನೀರಿಗೂ ಇದೇ ತಿಳಿವಳಿಕೆ ಅನ್ವಯಿಸುತ್ತದೆ. ನೀರಿನಲ್ಲಿ ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಬೇಗನೆ ಕೊಲ್ಲುತ್ತದೆ, ಆದರೆ ಗೋಡೆಯ ಲೋಳೆಯನ್ನು ಹೊಕ್ಕಾಗ ಅದು ಲೋಳೆಯ ಜೊತೆಗೇ ಪ್ರತಿಕ್ರಿಯಿಸಿ ಖರ್ಚಾಗುತ್ತದೆ, ತಳದ ಕೋಶಗಳನ್ನು ಮುಟ್ಟುವುದು ಕಡಿಮೆ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮೊದಲು ಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ ಆ ನೀರನ್ನು ಹೊರಚೆಲ್ಲಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ. ಉಜ್ಜದೆ ಹಾಕಿದ ಪುಡಿಯಲ್ಲಿ ಬಹುಭಾಗ ಲೋಳೆಯ ಮೇಲ್ಪದರಕ್ಕೇ ಮುಗಿದುಹೋಗುತ್ತದೆ.

ಮೂರು ದಿನಕ್ಕೋ ವಾರಕ್ಕೋ ಒಮ್ಮೆ ನೀರು ಬಿಡುವ ಊರುಗಳಲ್ಲಿ ಇನ್ನೊಂದು ತೊಡಕಿದೆ. ಬರಿದಾಗಿದ್ದ ಕೊಳವೆಗೆ ನೀರು ಒಮ್ಮೆಲೇ ನುಗ್ಗಿದಾಗ, ಒಳಮೈಯಲ್ಲಿ ಕೂತಿದ್ದ ಲೋಳೆ ಮತ್ತು ಕೆಸರು ಕಿತ್ತು ಬರುತ್ತವೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆಯೂ ನೀರು, ಉಳಿದವಕ್ಕೆ ಬಿಟ್ಟುಬಿಟ್ಟು ನೀರು ಬರುತ್ತಿದ್ದ ಕಾಲದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರು ಎರಡೂ ಬಗೆಯ ನೀರನ್ನು ಹೋಲಿಸಿ 2013 ಮತ್ತು 2014ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯ ಸೂಚಕ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡವು. ನೀರು ಬಿಟ್ಟ ಮೊದಲ ಹೊತ್ತಿನ ಹರಿವಿನಲ್ಲಿ ಕದಡೂ ಬ್ಯಾಕ್ಟೀರಿಯಾವೂ ಏರಿರುತ್ತಿದ್ದವು. ಕೊಳವೆಯ ಬಿರುಕುಗಳಿಂದ ಹೊರಗಿನ ಕೊಳೆನೀರು ಒಳಸೇರುವುದೂ ಇದಕ್ಕೆ ಒಂದು ಕಾರಣ, ಗೋಡೆಯಿಂದ ಕಿತ್ತು ಬರುವುದು ಇನ್ನೊಂದು. ನಲ್ಲಿಗೆ ಬಂದ ಮೊದಲ ನೀರನ್ನು ಗಿಡಗಳಿಗೆ, ಅಂಗಳ ತೊಳೆಯಲು ಹಿಡಿದುಕೊಂಡು, ತಿಳಿಯಾದ ಮೇಲೆ ಕುಡಿಯುವ ಕೊಡವನ್ನು ಇಡುವ ಹೆಂಗಸರು ಆ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಅವರು ಮಾಡುತ್ತಿರುವುದು ಸರಿಯೆಂಬುದಕ್ಕೆ ಈ ಅಳತೆಗಳೇ ಆಧಾರ.